ಐದು ನವಿಲು, ಮೂರು ಅರ್ಜಿ

ಜನವರಿಯ ಆ ಬೆಳಿಗ್ಗೆ ಫೋನು ಬಂದಾಗ ನಾನು ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಒಂದು ಎಮ್ಮೆಯ ಗರ್ಭ ಪರೀಕ್ಷೆ ಮಾಡುತ್ತಿದ್ದೆ. ಭುಜದವರೆಗೆ ಕೈಗವಸು ಇದ್ದುದರಿಂದ ನಮ್ಮ ಸಹಾಯಕ ಫೋನನ್ನು ನನ್ನ ಕಿವಿಗೆ ಹಿಡಿದ. ಅತ್ತ ಕಡೆ ಇದ್ದವರು ಫಾರೆಸ್ಟರ್. "ಮೇಡಂ, ಐದು ನವಿಲು ಸತ್ತಿವೆ. ಪೋಸ್ಟ್‌ಮಾರ್ಟಂ ಆಗಬೇಕು. ಈಗಲೇ ಬನ್ನಿ, ಮೇಲಿಂದ ಫೋನ್ ಮೇಲೆ ಫೋನ್ ಬರ್ತಾ ಇದೆ." ಬೈಂದೂರು ತಾಲೂಕಿನ ಸಣ್ಣ ಪಶು ಆಸ್ಪತ್ರೆಯೊಂದರಲ್ಲಿ ನಾನು ಒಬ್ಬಳೇ ವೈದ್ಯೆ. ಹೊರಡುತ್ತೇನೆ ಅಂದದ್ದಕ್ಕೆ ಎಮ್ಮೆಯ ಯಜಮಾನ ನನ್ನನ್ನು ದುರುಗುಟ್ಟಿ ನೋಡಿ, "ಸತ್ತ ನವಿಲಿಗೆ ಎಂತ ಅವಸ್ರ ಮಾರಾಯ್ರೆ? ನನ್ ಎಮ್ಮೆಗ್ ಇನ್ನೂ ಜೀವ ಇತ್ತಲೆ," ಎಂದ. ಎಮ್ಮೆಯನ್ನು ಮುಗಿಸಿಯೇ ಹೊರಟೆ.

ಕಿರಿಮಂಜೇಶ್ವರ ದಾಟಿ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿದರೆ ಹೊಯಿಗೆ, ಅಂದರೆ ಮರಳು ಮಣ್ಣಿನ ಗದ್ದೆಗಳು. ಭತ್ತ ಕೊಯ್ದಾದ ಮೇಲೆ ಅಲ್ಲಿ ನೆಲಗಡಲೆ ಬಿತ್ತುತ್ತಾರೆ. ಬಿತ್ತಿದ ಮೊದಲ ಎರಡು ವಾರ ನವಿಲಿನ ಕಾಟ. ಒಂದು ಬೀಜ ಕೆದಕಿ ಸಿಕ್ಕಿತೋ, ನವಿಲು ಅದೇ ಸಾಲು ಹಿಡಿದು ಗದ್ದೆಯ ಕೊನೆಯವರೆಗೆ ಹೋಗುತ್ತದೆ, ಒಂದು ಬೀಜವನ್ನೂ ಬಿಡುವುದಿಲ್ಲ. ನಾನು ಸಾಲಿಗ್ರಾಮದಲ್ಲಿ ಶಾಲೆಗೆ ಹೋಗುತ್ತಿದ್ದಾಗ ನವಿಲು ಕಂಡದ್ದು ಕ್ಲಾಸಿನಲ್ಲಿ ಹೇಳಿಕೊಳ್ಳುವ ಸುದ್ದಿಯಾಗಿತ್ತು. ಈಗ ಬ್ರಹ್ಮಾವರದಿಂದ ಬೈಂದೂರಿನವರೆಗೆ ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ, ಊರ ಕೋಳಿಗಳ ಹಾಗೆ. ಮೊಟ್ಟೆ ಕದಿಯುತ್ತಿದ್ದ ನರಿಗಳು ಎಲ್ಲಿ ಹೋದವೋ ಗೊತ್ತಿಲ್ಲ.

ಗದ್ದೆಯ ಅಂಚಿನಲ್ಲಿ ನಾನು ಕಂಡದ್ದನ್ನು ಅಷ್ಟು ವರ್ಷದ ಕೆಲಸದಲ್ಲಿ ಎಂದೂ ಕಂಡಿರಲಿಲ್ಲ. ಐದು ನವಿಲುಗಳನ್ನು ಸಾಲಾಗಿ ಮಲಗಿಸಿ, ತೊಳೆದ ಬಿಳಿ ಪಂಚೆ ಹೊದಿಸಲಾಗಿತ್ತು. ಒಂದು ಗಂಡು, ನಾಲ್ಕು ಹೆಣ್ಣು. ಪ್ರತಿಯೊಂದರ ಕೊಕ್ಕಿನಲ್ಲಿ ಒಂದು ತುಳಸಿ ಎಲೆ. ನಮ್ಮ ಕಡೆ ಸತ್ತ ನಾಗರಹಾವು ಸಿಕ್ಕಿದರೆ ಬಟ್ಟೆ ಹೊದಿಸಿ ವಿಧಿಪೂರ್ವಕ ಸುಡುವ ಕ್ರಮ ಇದೆ. ನವಿಲಿಗೆ ಅಂಥ ಕ್ರಮವೇನೂ ಇಲ್ಲ. ಆದರೆ ಸುಬ್ರಹ್ಮಣ್ಯನ ವಾಹನ ಅಲ್ಲವೇ? ಗದ್ದೆ ಮಾಡುತ್ತಿದ್ದ ಹೆಂಗಸು ಬೆಳಿಗ್ಗೆಯೇ ಪಂಚೆ ಹೊದಿಸಿ, ಹತ್ತಿರದ ದೇವಸ್ಥಾನಕ್ಕೆ ಹೋಗಿ ಭಟ್ಟರ ಹತ್ತಿರ, "ನವಿಲಿಗೆ ಎಂತ ವಿಧಿ ಮಾಡ್ಕ್?" ಎಂದು ಕೇಳಿದ್ದರು. ಭಟ್ಟರಿಗೆ ಗೊತ್ತಿರಲಿಲ್ಲ. ಅವರು ಇನ್ನೊಬ್ಬರನ್ನು ಕೇಳಿದರು. ಹೊತ್ತು ಏರುವುದರೊಳಗೆ ಊರಿಗೆಲ್ಲ ಗೊತ್ತಾಯಿತು. ಸುಮ್ಮನೆ ಹೊಂಡ ತೋಡಿ ಹುಗಿದಿದ್ದರೆ ಯಾವ ಜೀಪೂ ಬರುತ್ತಿರಲಿಲ್ಲ. ಬೇರೆಯವರು ಹಾಗೇ ಹುಗಿಯುತ್ತಾರೆ, ನನಗೆ ಗೊತ್ತು.

ಆಕೆಗೆ ಅರವತ್ತರ ಹತ್ತಿರ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಚಿನ ಮೇಲೆ ಕೈಕಟ್ಟಿ ನಿಂತಿದ್ದರು. ಪಕ್ಕದಲ್ಲಿ, ಫೋನನ್ನು ಮುಖಕ್ಕೆ ಹಿಡಿದುಕೊಂಡು ವಿಡಿಯೋ ಮಾಡುತ್ತಿದ್ದವರು ಆ ಗದ್ದೆಯ ಆಚೆಗೆ ದೊಡ್ಡ ಮನೆ ಕಟ್ಟಿಸಿರುವ ಮುಂಬೈ ಹೋಟೆಲ್ ಧಣಿ. ದೂರು ಕೊಟ್ಟದ್ದೂ ಅವರೇ. "ಡಾಕ್ಟ್ರೆ, ಇದ್ ರಾಷ್ಟ್ರಪಕ್ಷಿ. ಈ ಪಂಚೆ ಎಲ್ಲ ತೆಗೀಕ್. ತ್ರಿವರ್ಣ ಧ್ವಜ ಹೊದಿಸ್ಕ್, ಹೌದಲ್ದಾ? ಟೀವಿಯಂಗ್ ಕಂಡಿದೆ ನಾನ್," ಎಂದರು. ಅವರ ಮನೆಯ ಹಿಂದಿನ ಕಟ್ಟೆಯ ಮೇಲೆ ದಿನಾ ಬೆಳಿಗ್ಗೆ ಬೆಳ್ತಿಗೆ ಅಕ್ಕಿಯ ನುಚ್ಚು ಬೀಳುತ್ತದೆ, ನವಿಲು ಬರುತ್ತವೆ, ವಿಡಿಯೋ ಆಗುತ್ತದೆ. ನುಚ್ಚು ತಿಂದಾದ ಮೇಲೆ ಅವು ಗಾಳಿಮರದ ತೋಪು ದಾಟಿ ಈ ಅಕ್ಕನ ಗದ್ದೆಗೆ ಇಳಿಯುತ್ತವೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ದೂರ ನಿಲ್ಲಿ, ಹಕ್ಕಿಜ್ವರ ಇದ್ದರೂ ಇರಬಹುದು," ಎಂದೆ. ಧಣಿ ಮೂವತ್ತು ಹೆಜ್ಜೆ ಹಿಂದೆ ಹೋದರು.

ತೆಂಗಿನ ಮರದ ನೆರಳಿನಲ್ಲಿ ಟಾರ್ಪಾಲು ಹಾಸಿ ಕೆಲಸ ಶುರು ಮಾಡಿದೆವು. ಫಾರೆಸ್ಟರ್ ಗರಿ ಎಣಿಸಿ ಮಹಜರು ಬರೆದರು. ನಾನು ಒಂದೊಂದನ್ನೂ ತೂಗಿ, ಫೋಟೋ ತೆಗೆದು, ಹೊರಗಿನಿಂದ ನೋಡಿದೆ. ಗುಂಡಿನ ಗಾಯ ಇಲ್ಲ, ನಾಯಿ ಕಚ್ಚಿದ ಗುರುತಿಲ್ಲ. ಕಾಲಬೆರಳುಗಳು ಮುಷ್ಟಿ ಕಟ್ಟಿದಂತೆ ಮುದುಡಿದ್ದವು. ಕೊಕ್ಕಿನ ಸುತ್ತ ಒಣಗಿದ ಜೊಲ್ಲು, ಅದಕ್ಕೆ ಮಣ್ಣು ಮೆತ್ತಿತ್ತು. ಗಂಡು ನವಿಲು ಬಿದ್ದಿದ್ದ ಜಾಗದಲ್ಲಿ ನೆಲ ಕೆರೆದು ಬಳಿದಂತಾಗಿತ್ತು. ಬಹಳ ಹೊತ್ತು ಒದ್ದಾಡಿತ್ತು ಅದು.

ಕೊರಳಿನ ಕೆಳಗೆ, ಕಾಳು ಮೊದಲು ಹೋಗಿ ಕೂರುವ ಚೀಲವನ್ನು ಕತ್ತರಿಸಿದೆ. ನುಚ್ಚು ಇತ್ತು, ನಾಲ್ಕಾರು ನೆಲಗಡಲೆ ಬೀಜ ಇತ್ತು, ಅದರ ಮೇಲೆ ಬೆಂದ ಕುಚ್ಚಲಕ್ಕಿ ಅನ್ನ. ಅನ್ನದ ಅಗುಳಿಗೆ ಅಂಟಿಕೊಂಡು ನೇರಳೆ ಬಣ್ಣದ ಸಣ್ಣ ಹರಳುಗಳು. ಬಾಳೆಯ ಬುಡಕ್ಕೆ ಹುಳಕ್ಕೆಂದು ಹಾಕುವ ಹರಳು ಔಷಧಿ ಅದು. ಶ್ವಾಸನಾಳದ ತುಂಬ ನೊರೆ. ಐದರಲ್ಲೂ ಅದೇ. ಪ್ರಯೋಗಾಲಯದವರು ಹೇಳುವುದು ಆಮೇಲಿನ ಮಾತು, ನನಗೆ ಅಲ್ಲೇ ತಿಳಿಯಿತು. ಚೀಲದೊಳಗಿನದು, ಯಕೃತ್ತು, ಮೂತ್ರಪಿಂಡ ಎಲ್ಲವನ್ನೂ ಬೇರೆಬೇರೆ ಜಾಡಿಯಲ್ಲಿ, ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನಲ್ಲಿ ಮುಳುಗಿಸಿ, ಬಾಯಿಗೆ ಬಟ್ಟೆ ಕಟ್ಟಿ ಅರಗಿನ ಮುದ್ರೆ ಒತ್ತಿದೆ.

ಕೈ ತೊಳೆಯುವಾಗ ಫಾರೆಸ್ಟರ್ ಹತ್ತಿರ ಬಂದರು. ಘಟ್ಟದ ಮೇಲಿನವರು, ಮನುಷ್ಯ ಕೆಟ್ಟವರಲ್ಲ. ತಗ್ಗಿದ ದನಿಯಲ್ಲಿ, "ಮೇಡಂ, ಇದು ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯ ಪ್ರಾಣಿ. ಕೇಸಾದರೆ ಆ ಅಮ್ಮ ಒಳಗೆ ಹೋಗ್ತಾರೆ. ವರ್ಷಗಟ್ಟಲೆ ಶಿಕ್ಷೆ ಇದೆ. ಕೊಳೆತಿತ್ತು, ಕಾರಣ ಖಚಿತವಾಗಿ ಹೇಳೋಕಾಗಲ್ಲ ಅಂತ ಬರೆದುಬಿಡಿ. ಜಾಡಿಗಳು ನನ್ನ ಹತ್ರ ಇರಲಿ. ಎಲ್ಲರಿಗೂ ಒಳ್ಳೇದು," ಎಂದರು.

ನಾನು ಒಪ್ಪಿದೆ. ಇದನ್ನು ಮುಚ್ಚಿಡುವುದಿಲ್ಲ. ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಇತ್ತು, ನಿಜ. ವಿಷ ಇಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದು ನವಿಲಿಗಷ್ಟೇ ನಿಲ್ಲುವುದಿಲ್ಲ. ಆದರೂ ಆ ಮುಖವನ್ನು ಜೈಲಿನಲ್ಲಿ ನೆನೆಸಿಕೊಳ್ಳಲಾಗಲಿಲ್ಲ. ಹಕ್ಕಿಗಳನ್ನು ಸುಟ್ಟು, ಆಸ್ಪತ್ರೆಗೆ ವಾಪಸು ಬಂದು, "ಮೃತದೇಹಗಳು ಕೊಳೆತ ಸ್ಥಿತಿಯಲ್ಲಿದ್ದವು" ಎಂದು ಒಂದು ವಾಕ್ಯ ಬರೆದೂ ಬಿಟ್ಟೆ. ಅವು ಕೊಳೆತಿರಲಿಲ್ಲ, ಕೊಯ್ಯುವಾಗ ಮೈಯಲ್ಲಿ ಇನ್ನೂ ಬಿಸಿ ಇತ್ತು.

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಫೋನು. ಅದೇ ಅಕ್ಕ. "ಅಮ್ಮ, ಬೇಗ ಬನ್ನಿ. ನನ್ ಕರು ಬಾಯಂಗೆ ನೊರೆ ಹಾಕ್ತಿತ್ತ್. ನಿಲ್ಲುಕಾತಿಲ್ಲೆ ಅದಕ್ಕೆ."

ಹೋಗಿ ನೋಡಿದರೆ ಆರು ತಿಂಗಳ ಹೆಣ್ಣು ಕರು, ಅಂಗಳದಲ್ಲಿ ಅಡ್ಡ ಬಿದ್ದಿದೆ. ಜೊಲ್ಲು ಹರಿಯುತ್ತಿದೆ, ಮೈಯ ಸ್ನಾಯುಗಳು ಚರ್ಮದಡಿ ಪಟಪಟ ಅದುರುತ್ತಿವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಗದ್ದೆಯಂಚಿನಲ್ಲಿ ಮೇಯಲು ಬಿಟ್ಟದ್ದಂತೆ. ಅಟ್ರೊಪಿನ್ ತೆಗೆದು ಕಾಲು ಭಾಗ ರಕ್ತನಾಳಕ್ಕೆ, ಉಳಿದದ್ದು ಚರ್ಮದಡಿ ಕೊಟ್ಟು ಗಡಿಯಾರ ನೋಡುತ್ತ ಕೂತೆ. ಹತ್ತು ನಿಮಿಷದಲ್ಲಿ ಜೊಲ್ಲು ನಿಂತಿತು. ಪಾಪೆ ಅಗಲವಾಗತೊಡಗಿತು. ಮತ್ತೊಮ್ಮೆ ಕೊಟ್ಟೆ. ಕರು ಉಸಿರು ಎಳೆದುಕೊಂಡು ತಲೆ ಎತ್ತಿದಾಗ ನನ್ನ ಸಿಟ್ಟು ಒಮ್ಮೆಲೇ ಹೊರಬಂತು.

"ಎಷ್ಟ್ ಕಡೆ ಇಟ್ಟಿದ್ರಿ ಅಕ್ಕ? ಹೇಳಿ. ಎಷ್ಟ್ ಕಡೆ?"

"ಏಳ್ ಕಡೆ. ಬಾಳೆಲೆ ತುಂಡಿನ್ ಮೇಲೆ."

"ಉಳಿದದ್ದ್ ತೆಗೆದ್ರಾ?"

"ನವಿಲ್ ಬಿದ್ದದ್ ಕಂಡ್ ಕೈಕಾಲ್ ಆಡಲಿಲ್ಲೆ, ಅಮ್ಮ. ಮರೆತೇ ಹೋಯ್ತ್."

ಪಂಚೆ ಹೊದಿಸಲು ನೆನಪಾದವರಿಗೆ ವಿಷ ತೆಗೆಯಲು ನೆನಪಾಗಿರಲಿಲ್ಲ. ಅಲ್ಲೇ ಆಕೆಯನ್ನು ಬೈದೆ, ನನ್ನ ತಾಯಿಯ ವಯಸ್ಸಿನವರನ್ನು. ಬೈದು ಸುಸ್ತಾದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಆ ಗದ್ದೆಯ ಬದಿಯ ಕಾಲುದಾರಿಯಲ್ಲಿ ಊರಿನ ದನ ಓಡಾಡುತ್ತವೆ, ನಾಯಿ ಓಡಾಡುತ್ತವೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಪಂಚಾಯತಿನವರಿಂದ ಊರಿಗೆ ತಿಳಿಸಬೇಕು, ಕೃಷಿ ಇಲಾಖೆಯವರನ್ನು ಕರೆಸಿ ಮಣ್ಣು ತೆಗೆಸಬೇಕು. ಅದಕ್ಕೆಲ್ಲ ಒಂದು ಕಾಗದ ಬೇಕು, ಆ ಕಾಗದದಲ್ಲಿ ವಿಷ ಎಂಬ ಶಬ್ದ ಬೇಕು. ಅದನ್ನು ಬರೆಯಬಹುದಾಗಿದ್ದವಳು ನಾನೊಬ್ಬಳೇ, ನಾನೋ ಕೊಳೆತಿದೆ ಎಂದು ಬರೆದು ಬಂದಿದ್ದೆ.

"ಅಕ್ಕ, ನಾನ್ ಸತ್ಯ ಬರೆದ್ರೆ ನಿಮ್ಮನ್ ಹಿಡ್ಕಂಡ್ ಹೋತ್ರ್. ಜೈಲ್ ಆತ್ತ್," ಎಂದೆ.

ಆಕೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರೊಳಗೆ ಮೂರು ಅರ್ಜಿಗಳ ಪ್ರತಿ. ನವಿಲು ಬೀಜ ತಿನ್ನುತ್ತಿದೆ, ಎರಡು ಸಲ ಬಿತ್ತಿದ್ದೂ ಹೋಯಿತು, ಯಾರಾದರೂ ಬಂದು ನೋಡಿ, ಓಡಿಸಿ, ಇಲ್ಲವೇ ನಾಲ್ಕನ್ನು ಹೊಡೆಯಲು ಅಪ್ಪಣೆ ಕೊಡಿ ಎಂದು ಯಾರದೋ ಕೈಯಲ್ಲಿ ಬರೆಸಿದ್ದು. ಮೂರಕ್ಕೂ ಫಾರೆಸ್ಟರ್ ಕಚೇರಿಯ ಸ್ವೀಕೃತಿ ಮುದ್ರೆ ಇತ್ತು.

"ಮೂರ್ ಸರ್ತಿ ಹೋಯ್ದೆ. ಯಾರೂ ಬರಲಿಲ್ಲೆ. ಇವತ್ ಐದ್ ನವಿಲ್ ಸತ್ತದ್ಕೆ ಅರ್ಧ ಗಂಟೆಯಂಗ್ ಜೀಪ್ ಬಂತ್," ಎಂದರು. ಆಮೇಲೆ ಕರುವಿನ ಬೆನ್ನು ಸವರುತ್ತ, "ನೀವ್ ಬರೀರಿ ಅಮ್ಮ. ನಾ ಮಾಡಿದ್ದ್ ಬರೀರಿ. ಆದ್ರೆ ಇದನ್ನೂ ಬರೀರಿ," ಎಂದು ಚೀಲವನ್ನು ನನ್ನ ಮಡಿಲಿಗೆ ಹಾಕಿದರು.

ಆಸ್ಪತ್ರೆಗೆ ಬಂದು ಬರೆದಿದ್ದನ್ನು ಹರಿದು ಹಾಕಿದೆ. ಹೊಸದಾಗಿ ಬರೆದೆ. ಪೋಸ್ಟ್‌ಮಾರ್ಟಂ ವರದಿಯಲ್ಲಿ ಪೂರ್ವವಿವರ ಎಂದು ಒಂದು ಕಾಲಂ ಇರುತ್ತದೆ. ಎಲ್ಲರೂ ಅದರಲ್ಲಿ "ಇಲಾಖೆಯವರು ತಿಳಿಸಿದಂತೆ" ಎಂದು ಒಂದು ಸಾಲು ಗೀಚಿ ಮುಂದೆ ಹೋಗುತ್ತಾರೆ, ನಾನೂ ಅಷ್ಟು ವರ್ಷ ಹಾಗೇ ಮಾಡಿದವಳು. ಈ ಸಲ ಬೇರೆ ಹಾಳೆ ಸೇರಿಸಿ ಎರಡು ಪುಟ ಬರೆದೆ. ಬೀಜ ಎರಡು ಸಲ ಹೋದದ್ದು, ಅರ್ಜಿಗಳು, ಯಾರೂ ಬಾರದಿದ್ದದ್ದು, ಪಕ್ಕದಲ್ಲಿ ದಿನಾ ನುಚ್ಚು ಹಾಕುವುದು, ನವಿಲಿನ ಕೊರಳ ಚೀಲದಲ್ಲಿ ಆ ನುಚ್ಚೂ ಸಿಕ್ಕಿದ್ದು, ಕರುವಿಗಾದದ್ದು. ಅರ್ಜಿಗಳ ಪ್ರತಿ ಲಗತ್ತಿಸಿದೆ. ಸಾವಿನ ಕಾರಣ ಎಂಬಲ್ಲಿ ವಿಷಪ್ರಾಶನ ಎಂದು, ಫಾರೆಸ್ಟರ್ ಹತ್ತಿರವಿರುವ ಜಾಡಿಗಳನ್ನು ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು ಬರೆದು ಸಹಿ ಹಾಕಿದೆ. ಸಂಜೆಯೊಳಗೆ ಪಂಚಾಯತಿನವರು ಬಂದು ಉಳಿದ ಬಾಳೆಲೆಗಳನ್ನು ಹುಡುಕಿ ತೆಗೆದರು. ಆರು ಸಿಕ್ಕಿತು, ಕೆಲವು ಖಾಲಿ. ಏಳನೆಯದನ್ನು ಕರು ಎಲೆ ಸಮೇತ ತಿಂದಿರಬೇಕು.

ವರದಿ ಓದಿ ಫಾರೆಸ್ಟರ್ ಕೆಂಡವಾದರು. "ನಾನು ಆ ಅಮ್ಮನನ್ನು ಉಳಿಸೋಣ ಅಂದರೆ ನೀವು ನನ್ನನ್ನೂ ಸೇರಿಸಿ ಮುಳುಗಿಸಿದ್ರಲ್ಲ! ನನ್ನ ಕೈಕೆಳಗೆ ಎಷ್ಟು ಜನ ಇದ್ದಾರೆ ಗೊತ್ತಾ? ಇಬ್ಬರು. ಇಬ್ಬರನ್ನು ಕಟ್ಟಿಕೊಂಡು ಕಾಡಿನ ಬೆಂಕಿ ನೋಡಲಾ, ನವಿಲು ಓಡಿಸಲಾ?" ಅದೂ ಸುಳ್ಳಲ್ಲ. ಆದರೆ ಇಬ್ಬರೇ ಇದ್ದರೂ ಮಹಜರಿಗೆ ಬಂದಿದ್ದರಲ್ಲ.

ಆ ಅಕ್ಕನನ್ನು ಮರುದಿನ ಕರೆದುಕೊಂಡು ಹೋದರು. ಜಾಮೀನು ಸಿಗಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನ ನಮ್ಮ ಸಹಾಯಕ ಅವರ ದನಗಂಟಿಗಳಿಗೆ ಹುಲ್ಲು ಹಾಕಿ ಬರುತ್ತಿದ್ದ. ಹೋಟೆಲ್ ಧಣಿಯ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿತು. ಕೆಳಗೆ ಜನ ಬರೆದದ್ದನ್ನು ಓದಿದೆ. ರಾಕ್ಷಸಿ ಎಂದಿದ್ದರು, ಗಲ್ಲಿಗೆ ಹಾಕಿ ಎಂದಿದ್ದರು. ಅವರಲ್ಲಿ ಒಬ್ಬರಾದರೂ ಒಂದು ಹಿಡಿ ನೆಲಗಡಲೆ ಬಿತ್ತಿದವರಿರಲಾರರು. ನನಗೆ ಮೇಲಧಿಕಾರಿಗಳಿಂದ ನೋಟಿಸು ಬಂತು, ವರದಿಯಲ್ಲಿ ಸಂಬಂಧವಿಲ್ಲದ ವಿಷಯ ಏಕೆ ಸೇರಿಸಿದ್ದೀರಿ ಎಂದು.

ಮಳೆಗಾಲಕ್ಕೆ ಮೊದಲು ಕುಂದಾಪುರದಲ್ಲಿ ಕಾಡುಪ್ರಾಣಿಗಳ ಹಾವಳಿಯ ಬಗ್ಗೆ ಒಂದು ಸಭೆ ಕರೆದರು. ನನಗೂ ಕರೆ ಬಂತು, ಹೋದೆ. ರೈತರ ಕಡೆಯ ಮುಖಂಡರೊಬ್ಬರು ಎದ್ದು, "ಹಂದಿ, ಮಂಗ, ನವಿಲ್ ಎಲ್ಲ ಒಟ್ಟಿಗೆ ಹೊಡೂಕೆ ಪರ್ಮಿಶನ್ ಕೊಡಿ. ಒಂದ್ ವಾರದಂಗ್ ಕ್ಲೀನ್ ಮಾಡ್ತ್," ಎಂದರು. ಜನ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಕೇಳಿ ನನಗೆ ಮೈ ಉರಿಯಿತು. ಒಂದು ವಾರದಲ್ಲಿ ಕ್ಲೀನ್ ಮಾಡಲು ಅವು ಗೋಡೆಯ ಜೇಡರಬಲೆ ಅಲ್ಲ. ಆಮೇಲೆ ಒಬ್ಬರು ವನ್ಯಜೀವಿ ಪ್ರೇಮಿ ಎದ್ದು, ಅವುಗಳ ಜಾಗಕ್ಕೆ ನಾವು ನುಗ್ಗಿದ್ದೇವೆ, ಸಹಬಾಳ್ವೆ ಕಲಿಯಬೇಕು ಎಂದರು. ಯಾರ ಸಹಬಾಳ್ವೆ? ಅವರ ಫ್ಲ್ಯಾಟಿನ ಬಾಲ್ಕನಿಯಲ್ಲಿ ಯಾರೂ ಏನನ್ನೂ ಬಿತ್ತಿಲ್ಲ. ಕೊನೆಗೆ ವೇದಿಕೆಯ ಮೇಲಿದ್ದ ಅಧಿಕಾರಿ ಮಾತಾಡಿದರು. "ಹಂದಿಗೆ ಬೇರೆ ನಿಯಮ ಇದೆ. ನವಿಲನ್ನು ಬೆಳೆ ತಿಂದಿತು ಅಂತ ಕೊಲ್ಲಲು ಕಾನೂನಿನಲ್ಲಿ ದಾರಿಯೇ ಇಲ್ಲ. ಅಲ್ಲದೆ ನವಿಲಿನಿಂದ ಹಾನಿ ಆಗಿದೆ ಅಂತ ಈ ಭಾಗದಿಂದ ನಮ್ಮ ಮುಂದೆ ಅರ್ಜಿಗಳೇ ಬಂದಿಲ್ಲ. ಆಧಾರ ಇಲ್ಲದೆ ಚರ್ಚೆ ಮಾಡಿ ಏನು ಪ್ರಯೋಜನ?"

ನಾನು ಎದ್ದು ನಿಂತೆ. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದವಳು, ದನಿ ಕೀರಲಾಗಿತ್ತು.

"ಮೂರು ಅರ್ಜಿ ನನ್ನ ವರದಿಗೆ ಲಗತ್ತಾಗಿ ನಿಮ್ಮ ಕಚೇರಿಗೆ ಬಂದಿದೆ ಸರ್. ಮುದ್ರೆ ಸಮೇತ. ಕೊಲ್ಲಬೇಕೋ ಬೇಡವೋ ಅಂತ ನೀವು ಇಲ್ಲಿ ಮಾತಾಡ್ತಾ ಇದ್ದೀರಿ. ಕೊಲ್ಲುವುದು ನಡೆದೇ ಇದೆ. ಅನ್ನದಲ್ಲಿ ಹರಳು ಬೆರೆಸಿ, ಒಬ್ಬೊಬ್ಬರೇ, ಯಾರಿಗೂ ಹೇಳದೆ. ಎಷ್ಟು ಸತ್ತವು ಅಂತ ಯಾರ ಹತ್ತಿರವೂ ಲೆಕ್ಕ ಇಲ್ಲ, ಕಾಗೆ ನಾಯಿ ಕರು ಎಷ್ಟು ಅಂತಲೂ ಇಲ್ಲ. ನಿಮ್ಮ ಕಡತದಲ್ಲಿ ನವಿಲು ಬೆಳೆ ತಿನ್ನುವುದೂ ಇಲ್ಲ, ಸಾಯುವುದೂ ಇಲ್ಲ. ಕೊಲ್ಲಬಾರದು ಅಂತಾದರೆ ಬಿತ್ತನೆಯ ಎರಡು ವಾರ ಆ ಗದ್ದೆ ಕಾಯಲು ಜನ ಕೊಡಿ, ನುಚ್ಚು ಹಾಕುವುದನ್ನು ನಿಲ್ಲಿಸಿ. ಕಡಿಮೆ ಮಾಡಲೇಬೇಕು ಅಂತಾದರೆ ಮೊದಲು ಎಣಿಸಿ, ಕಾನೂನು ಬದಲಿಸಿ, ನಿಮ್ಮವರೇ ಬಂದು, ನಿಮ್ಮ ಹೆಸರಿನಲ್ಲಿ, ನೋವಿಲ್ಲದ ಹಾಗೆ ಮಾಡಿ. ಎರಡೂ ಮಾಡದೆ ಕೂತು, ಕೊನೆಗೆ ಒಬ್ಬ ಹೆಂಗಸನ್ನು ಹಿಡಿದು ಒಳಗೆ ಹಾಕುವುದು ಯಾವ ರಕ್ಷಣೆ?"

ಚಪ್ಪಾಳೆ ಬೀಳಲಿಲ್ಲ. ಎರಡೂ ಕಡೆಯವರಿಗೆ ನಾನು ಬೇಡವಾದೆ. ಅಧಿಕಾರಿ, "ಮೇಡಂ ಭಾವುಕರಾಗಿದ್ದಾರೆ," ಎಂದು ನಕ್ಕು ಚಹಾಕ್ಕೆ ವಿರಾಮ ಕೊಟ್ಟರು. ಬಜ್ಜಿ ಬಿಸಿ ಇತ್ತು, ಜನ ಅತ್ತ ಹೋದರು.

ಕೇಸು ಸಾಕ್ಷಿಯ ಹಂತಕ್ಕೆ ಬರಲು ಇನ್ನೂ ಒಂದು ಬಿತ್ತನೆ ಕಳೆಯಿತು. ಆ ವರ್ಷ ಅಕ್ಕ ಏನೂ ಬಿತ್ತಲಿಲ್ಲ. ನಾನು ಕಟಕಟೆಯಲ್ಲಿ ನಿಂತು, ಜಾಡಿಗಳ ಮುದ್ರೆ ಗುರುತಿಸಿ, ಸಹಿ ನನ್ನದೇ ಎಂದೆ. ಸರ್ಕಾರದ ವಕೀಲರು ಸಾವಿನ ಕಾರಣ ಕೇಳಿದರು. ವಿಷ ಎಂದೆ. ಅನ್ನದಲ್ಲಿ ಬೆರೆಸಿದ್ದೇ ಎಂದು ಕೇಳಿದರು. ಹೌದು ಎಂದೆ. ಅಕ್ಕನ ಪರವಾಗಿ ಬಂದಿದ್ದ ವಕೀಲರು ಪೂರ್ವವಿವರದ ಎರಡು ಪುಟ ಎತ್ತಿದರು. ಅದು ಡಾಕ್ಟರು ಸ್ವತಃ ಕಂಡದ್ದಲ್ಲ, ಕೇಳಿದ್ದು ಎಂದು ಸರ್ಕಾರದ ವಕೀಲರ ಆಕ್ಷೇಪ. ಆ ಪುಟಗಳನ್ನು ಪಕ್ಕಕ್ಕೆ ಇಟ್ಟರು. ಹದಿನೈದು ನಿಮಿಷದಲ್ಲಿ ನನ್ನ ಕೆಲಸ ಮುಗಿಯಿತು. ನಾನು ಹೇಳಿದ ಒಂದೊಂದು ಶಬ್ದವೂ ನಿಜ, ಒಂದೊಂದೂ ಆಕೆಯ ವಿರುದ್ಧ ಬಿತ್ತು.

ಹೊರಗೆ ಮೆಟ್ಟಿಲ ಬದಿಯಲ್ಲಿ ಅಕ್ಕ ನಿಂತಿದ್ದರು. ನಾನೇ ತಪ್ಪಿಸಿಕೊಂಡು ಹೋಗಬೇಕೆಂದಿದ್ದೆ, ಆಕೆ ಕರೆದರು.

"ಹ್ವಾಯ್ ಅಮ್ಮ, ಒಂದ್ ಮಾತ್ ಕೇಂತೆ. ನೀವ್ ಕೊಯ್ದ್ ಕಂಡವ್ರಲ್ದಾ. ಅದಕ್ಕೆ ಜೀವ ಹೋಪುಕೆ ಎಷ್ಟ್ ಹೊತ್ ಹಿಡೀತ್?"

ಇಡೀ ಕೇಸಿನಲ್ಲಿ ಈ ಪ್ರಶ್ನೆ ಕೇಳಿದವರು ಬೇರೆ ಯಾರೂ ಇಲ್ಲ. ದೂರು ಕೊಟ್ಟ ಧಣಿ ಕೇಳಿರಲಿಲ್ಲ, ವಕೀಲರು ಕೇಳಿರಲಿಲ್ಲ. ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಹೆಣ್ಣಿಗೆ ಅರ್ಧ ಗಂಟೆ ಹಿಡಿದಿರಬಹುದು ಅಕ್ಕ. ಗಂಡಿಗೆ ಇನ್ನೂ ಹೆಚ್ಚು."

"ಹ್ಞೂಂ. ನಾ ಅಲ್ಲೇ ಕೂತಿದ್ದೆ. ಎದ್ದ್ ಹೋಪುಕ್ ಆಯಿಲ್ಲೆ ನಂಗೆ." ಮತ್ತೆ ಕೇಳಿದರು. "ಕೋವಿಯಂಗೆ ಹೊಡ್ದಿರೆ?"

"ಗೊತ್ತಿದ್ದವರು ಹೊಡೆದರೆ ಕೂಡಲೇ ಹೋಗುತ್ತದೆ. ಅದಕ್ಕೆ ತಿಳಿಯುವುದೂ ಇಲ್ಲ."

ಆಕೆ ನನ್ನ ಮುಖವನ್ನೇ ನೋಡಿದರು.

"ಹಂಗಾರೆ ಅರ್ಜಿ ತಕಂಡವ್ರ್ ಅದನ್ ಮಾಡ್ದೆ, ನನ್ ಕೈಯಂಗೆ ಇದನ್ ಎಂತಕ್ಕೆ ಮಾಡ್ಸ್ದ್ರ್, ಅಮ್ಮ?"